ಒಬ್ಬ ಸೆನೆಟರ್ ಪಕ್ಷ ಬಿಟ್ಟರೆ ಅಧ್ಯಕ್ಷರಿಗೇನು ನಷ್ಟ?

ಪ್ರಶ್ನೆ: ಅಮೆರಿಕದಲ್ಲಿ ಸಂಸತ್ತಿನ ಬಹುಮತ ಕೈತಪ್ಪಿದರೂ ಅಧ್ಯಕ್ಷರ ಕುರ್ಚಿ ಅಲ್ಲಾಡುವುದಿಲ್ಲವಂತೆ. ಹಾಗಿದ್ದರೆ ಹೊಸ ಅಧ್ಯಕ್ಷರು ಅದಕ್ಕೆ ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ?

ಉತ್ತರ: ಕುರ್ಚಿ ಉಳಿಯುತ್ತದೆ, ನಿಜ. ಆದರೆ ಯಾವ ಮಸೂದೆ ಯಾವಾಗ ಸದನಕ್ಕೆ ಬರಬೇಕು ಎನ್ನುವ ಹಿಡಿತ ಎದುರು ಪಕ್ಷದ ಕೈಗೆ ಹೋಗುತ್ತದೆ. ಇದಕ್ಕೆ 2001ರ ಕತೆ ನೋಡಿ.

ಆ ಜನವರಿಯಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಡಬ್ಲ್ಯು. ಬುಷ್ ಅಧಿಕಾರಕ್ಕೆ ಬಂದಾಗ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಅವರ ಪಕ್ಷ ಮತ್ತು ಎದುರಿನ ಡೆಮಾಕ್ರಟಿಕ್ ಪಕ್ಷ ಸರಿಸಮ, 50-50. ಮತ ಸಮವಾದರೆ ಉಪಾಧ್ಯಕ್ಷ ಡಿಕ್ ಚೆನಿ ಮತ ಹಾಕಬಹುದು. ಆ ಒಂದು ಮತದ ಬಲದಲ್ಲಿ ಸೆನೆಟ್ ರಿಪಬ್ಲಿಕನ್ನರದ್ದಾಯಿತು. ಬುಷ್ ಮೊದಲು ಕೈ ಹಾಕಿದ್ದೇ ತೆರಿಗೆ ಕಡಿತಕ್ಕೆ. ಸೆನೆಟ್‌ನಲ್ಲಿ ಸಾಮಾನ್ಯವಾಗಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮಂದಿ ಬೇಕು. ಬಜೆಟ್ ಜೊತೆ ಹೆಣೆದ ಮಸೂದೆಗೆ ಬರೀ ಬಹುಮತ ಸಾಕು. ಅವರು ಆ ದಾರಿ ಹಿಡಿದರು. ಕೇಳಿದ್ದು 1.6 ಲಕ್ಷ ಕೋಟಿ ಡಾಲರ್, ಸಿಕ್ಕಿದ್ದು 1.35 ಲಕ್ಷ ಕೋಟಿ.

ಅಷ್ಟರಲ್ಲೇ, ಮೇ 24ರಂದು, ವರ್ಮಾಂಟ್ ರಾಜ್ಯದ ಸೆನೆಟರ್ ಜಿಮ್ ಜೆಫರ್ಡ್ಸ್ ರಿಪಬ್ಲಿಕನ್ ಪಕ್ಷ ಬಿಡುವುದಾಗಿ ಹೇಳಿದರು. ಅಂಗವಿಕಲ ಮಕ್ಕಳ ಶಿಕ್ಷಣಕ್ಕೆ ಸಾಕಷ್ಟು ಹಣ ಸಿಗಲಿಲ್ಲ ಎನ್ನುವುದು ಅವರ ದೊಡ್ಡ ಬೇಸರ. ನಮ್ಮಲ್ಲಾಗಿದ್ದರೆ ಸ್ಪೀಕರ್ ನೋಟಿಸು, ರೆಸಾರ್ಟು ಎಲ್ಲ ಶುರುವಾಗುತ್ತಿತ್ತು, ಅಲ್ವಾ? ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯೇ ಇಲ್ಲ. ತೆರಿಗೆ ಮಸೂದೆ ಅಧ್ಯಕ್ಷರ ಬಳಿಗೆ ಹೋದ ಮೇಲೆಯೇ ಹೊರಬರುತ್ತೇನೆ ಎಂದು ಅವರು ಹೇಳಿದ್ದರಿಂದ ಬುಷ್ ಬಚಾವಾದರು.

ರಿಪಬ್ಲಿಕನ್ನರು 49ಕ್ಕೆ ಇಳಿದಿದ್ದರಿಂದ ಜೂನ್ 6ರಿಂದ ಸೆನೆಟ್‌ನ ಕಾರ್ಯಸೂಚಿ ಡೆಮಾಕ್ರಟ್ ನಾಯಕ ಟಾಮ್ ಡ್ಯಾಶೆಲ್ ಕೈಗೆ ಬಂತು. ನನ್ನ ಪ್ರಕಾರ ಅದಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಸಮಿತಿಗಳು. ಎಲ್ಲ ಸಮಿತಿಗಳ ಅಧ್ಯಕ್ಷಗಿರಿಯೂ ಕೈ ಬದಲಾಯಿತು. ನ್ಯಾಯಾಧೀಶರ ನೇಮಕ ನೋಡುವ ಸಮಿತಿ ಡೆಮಾಕ್ರಟ್ ಪ್ಯಾಟ್ರಿಕ್ ಲೇಹಿ ಅವರದ್ದಾಯಿತು. ಜೆಫರ್ಡ್ಸ್ ತಾವೇ ನಡೆಸುತ್ತಿದ್ದ ಶಿಕ್ಷಣ ಸಮಿತಿ ಇನ್ನೊಬ್ಬ ಡೆಮಾಕ್ರಟ್ ಟೆಡ್ ಕೆನಡಿಗೆ ಹೋಯಿತು. ಸಮಿತಿಯ ಅಧ್ಯಕ್ಷರು ಮನಸ್ಸು ಮಾಡದಿದ್ದರೆ ಫೈಲು ಸುಮ್ನೆ ಬಿದ್ದಿರುತ್ತದೆ.

ಹಾಗಂತ ಬುಷ್ ಕೈ ಪೂರ್ತಿ ಕಟ್ಟಿಹೋಗಲಿಲ್ಲ. ಕೆನಡಿ ಜೊತೆ ಮೊದಲಿನಿಂದಲೂ ಮಾತುಕತೆ ನಡೆದಿದ್ದ ಶಾಲಾ ಶಿಕ್ಷಣದ ಮಸೂದೆ 2002ರ ಜನವರಿಯಲ್ಲಿ ಕಾಯ್ದೆಯಾಯಿತು. ಅಲಾಸ್ಕಾದ ವನ್ಯಜೀವಿ ತಾಣದಲ್ಲಿ ತೈಲ ತೆಗೆಯುವ ಯೋಜನೆ ಮಾತ್ರ ಕೆಳಮನೆ ದಾಟಿ ಬಂದು ಸೆನೆಟ್‌ನಲ್ಲಿ ಮುಗ್ಗರಿಸಿತು. ಸೆಪ್ಟೆಂಬರ್ 11ರ ದಾಳಿ ನಡುವೆ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡಿತ್ತು, ಅದು ಬೇರೆ ಮಾತು.

2002ರ ನವೆಂಬರ್ ಚುನಾವಣೆಯಲ್ಲಿ ಸೆನೆಟ್ ಮತ್ತೆ ರಿಪಬ್ಲಿಕನ್ನರಿಗೆ ಸಿಕ್ಕಿತು. ಮರು ಮೇ ತಿಂಗಳಲ್ಲೇ ಎರಡನೇ ತೆರಿಗೆ ಕಡಿತ ಬಂತು. ಅಲ್ಲೂ ಮತ 50-50 ಆಗಿ, ಚೆನಿ ಬಂದು ಮತ ಹಾಕಬೇಕಾಯಿತು.