ಹಳೇ ಸೀರೆ, ಗೆರಟೆ, ಮದುವೆ ಕಾಗದ

ಪ್ರಶ್ನೆ: ಅಮ್ಮನಿಗೆ 74 ವರ್ಷ. ಹಟ್ಟಿ ಕೆಲಸ, ಅಡಿಕೆ ಸುಲಿಯುವುದು ಅಂತ ದಿನವಿಡೀ ಓಡಾಡುತ್ತಿದ್ದವರು. ಮೊಣಗಂಟಿನ ಆಪರೇಷನ್ ಆದ ಮೇಲೆ ಟಿವಿ ಮುಂದೆ ಕೂತೇ ಇರುತ್ತಾರೆ. ಆನ್‌ಲೈನಲ್ಲಿ 1,200 ರೂಪಾಯಿಯ ಕ್ರಾಫ್ಟ್ ಕಿಟ್ ತರಿಸಿಕೊಟ್ಟೆ, ಪೆಟ್ಟಿಗೆ ಬಿಚ್ಚಲೇ ಇಲ್ಲ. ಖರ್ಚಿಲ್ಲದ ಏನಾದರೂ ಇದ್ದರೆ ಹೇಳಿ.
ಮಗಳು, ಬದಿಯಡ್ಕ

ಉತ್ತರ: ಪೆಟ್ಟಿಗೆ ಬಿಚ್ಚಲಿಲ್ಲ ಅಂತ ಅಮ್ಮನ ಮೇಲೆ ಬೇಜಾರು ಮಾಡಬೇಡಿ. ಅದರಲ್ಲಿರುವ ಮಣಿ, ಅಂಟು, ಮಿನುಗಿನ ಪುಡಿ ಯಾವುದೂ ಅವರ ಕೈಗೆ ಪರಿಚಯದ್ದಲ್ಲ. ಆ ಕೈಗೆ ಬಾಳೆ ನಾರಿನಲ್ಲಿ ಮಲ್ಲಿಗೆ ಕಟ್ಟಿ ಗೊತ್ತು, ಹಲಸಿನ ಎಲೆಗೆ ಕಡ್ಡಿ ಚುಚ್ಚಿ ಕೊಟ್ಟೆ ಮಾಡಿ ಗೊತ್ತು, ಚಿಕ್ಕವರಿದ್ದಾಗ ನಿಮ್ಮ ಜಡೆ ಹೆಣೆದು ಗೊತ್ತು. ಅಲ್ಲಿಂದಲೇ ಶುರು ಮಾಡೋಣ. ಜಡೆ ಹೆಣೆಯಲು ಬಂದರೆ ಹಳೇ ಸೀರೆಯಲ್ಲಿ ಆಸನ ಮಾಡಲು ಬಂತು ಅಂತಲೇ ಲೆಕ್ಕ.

ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಯೇ ಆಗಬೇಕು. ನೈಲಾನ್ ಬೇಡ, ಜಾರುತ್ತದೆ. ಅಂಚು ದಪ್ಪ ಇದ್ದರೆ ಕತ್ತರಿಸಿ ತೆಗೆಯಿರಿ. ಸೆರಗಿನ ತುದಿಯಲ್ಲಿ ಎರಡೆರಡು ಇಂಚಿಗೆ ಕತ್ತರಿಯಲ್ಲಿ ಒಂದೊಂದು ಗಾಯ ಮಾಡಿ ಕೊಡಿ, ಆಮೇಲೆ ಕೈಯಲ್ಲಿ ಹರಿದರೆ ಸಾಕು, ಬಟ್ಟೆ ನೂಲಿನ ದಾರಿ ಹಿಡಿದು ಪರ್ರ್ ಅಂತ ನೆಟ್ಟಗೆ ಬರುತ್ತದೆ. ಈ ಹರಿಯುವ ಕೆಲಸವನ್ನು ಅಮ್ಮನಿಗೇ ಬಿಡಿ, ನೀವು ಮಾಡಬೇಡಿ. ಆ ಸದ್ದು, ಆ ಉದ್ದುದ್ದ ಪಟ್ಟಿಗಳು ರಾಶಿ ಬೀಳುವುದು, ಅರ್ಧ ಖುಷಿ ಅದರಲ್ಲೇ ಇದೆ. ಐದೂವರೆ ಮೀಟರಿನ ಒಂದು ಸೀರೆಯಲ್ಲಿ ಇಪ್ಪತ್ತು ಪಟ್ಟಿ ಸಿಗುತ್ತದೆ. ಒಂದೊಂದನ್ನೂ ಉಂಡೆ ಸುತ್ತಿಡಿ, ಇಲ್ಲದಿದ್ದರೆ ಗಂಟು ಬಿದ್ದು ತಲೆ ಕೆಡುತ್ತದೆ.

ಮೂರು ಪಟ್ಟಿಯ ತುದಿ ಸೇರಿಸಿ ಕಿಟಕಿಯ ಸರಳಿಗೆ ಕಟ್ಟಿ. ಎದುರಿಗೆ ಕುರ್ಚಿ ಹಾಕಿ. ಮತ್ತೆ ಜಡೆಯೇ. ಮುಗಿದಲ್ಲಿ ಇನ್ನೊಂದು ಪಟ್ಟಿ ಜೋಡಿಸಿ ಹೊಲಿದು ಮುಂದುವರಿಸಿ. ಜಡೆ ಉದ್ದವಾದ ಮೇಲೆ ಚಕ್ಕುಲಿಯ ಹಾಗೆ ಸುತ್ತುತ್ತಾ, ಪಕ್ಕದ ಸುತ್ತಿಗೆ ದಪ್ಪ ಸೂಜಿ ಮತ್ತು ಗಟ್ಟಿ ನೂಲಿನಲ್ಲಿ ಹೊಲಿಯಬೇಕು. ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಮಡಿಲಲ್ಲಿ ಇಟ್ಟುಕೊಂಡು ಬಿಗಿಯಾಗಿ ಎಳೆದು ಹೊಲಿಯುತ್ತಾರೆ, ಅದು ಬಟ್ಟಲಿನ ಹಾಗೆ ಮೇಲಕ್ಕೆ ಏಳುತ್ತದೆ. ಮೇಜಿನ ಮೇಲೆ ಚಪ್ಪಟೆ ಇಟ್ಟು, ತಿರುವಿನಲ್ಲಿ ಸ್ವಲ್ಪ ಸಡಿಲ ಬಿಟ್ಟು ಹೊಲಿದರೆ ಏಳುವುದಿಲ್ಲ. ಪೂರ್ತಿ ಸೀರೆಗೆ ಸುಮಾರು ಎರಡು ಅಡಿ ಅಗಲದ ಆಸನ ಆಗುತ್ತದೆ. ಮೊದಲಿಗೆ ಒಂದು ಅಡಿಯದ್ದು ಸಾಕು.

ಆದರೆ ದಯವಿಟ್ಟು ಇದನ್ನು ಟೈಲ್ಸಿನ ಮೇಲೆ, ಅದರಲ್ಲೂ ಬಚ್ಚಲಿನ ಬಾಗಿಲಲ್ಲಿ ಕಾಲೊರಸು ಅಂತ ಹಾಕಬೇಡಿ. ಜಾರಿ ಬಿದ್ದರೆ ಆಪರೇಷನ್ ಆದ ಕಾಲು ಏನಾಗಬೇಕು? ಕುರ್ಚಿಯ ಮೇಲೆ ಹಾಕಿ, ಬಿಸಿ ಪಾತ್ರೆಯ ಅಡಿಗೆ ಇಡಿ. ಅಮ್ಮನನ್ನು ನೆಲದಲ್ಲೋ ಮಣೆಯಲ್ಲೋ ಕೂರಿಸಬೇಡಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ.

ಇನ್ನೊಂದು ಮಾತು. ಜೀವನಪೂರ್ತಿ ದುಡಿದವರಿಗೆ ‘ಸುಮ್ನೆ ಟೈಮ್ ಪಾಸಿಗೆ ಏನಾದ್ರೂ ಮಾಡಿ’ ಅಂದರೆ ಅವಮಾನ ಮಾಡಿದ ಹಾಗೆ. ನನ್ನ ಅಜ್ಜಿ ಕಣ್ಣು ಮಂಜಾದ ಮೇಲೂ ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು ಹೂಬತ್ತಿ ಹೊಸೆಯುತ್ತಿದ್ದರು, ಯಾಕೆಂದರೆ ಸಂಜೆ ದೀಪಕ್ಕೆ ಅದು ಬೇಕಿತ್ತು. ಹಾಗಾಗಿ ‘ಅಮ್ಮಾ, ನನ್ನ ಕುರ್ಚಿಗೆ ಒಂದು ಆಸನ ಬೇಕಿತ್ತು’ ಅಂತ ಕೇಳಿ. ಮೊದಲನೆಯದು ಸೊಟ್ಟಗಾದರೂ ಅದರ ಮೇಲೆ ಕೂತುಕೊಳ್ಳಿ. ಚಂದ ಉಂಟು ಅಂತ ಕಪಾಟಿನಲ್ಲಿಟ್ಟರೆ ಎರಡನೆಯದು ಆಗುವುದಿಲ್ಲ.

ಬಟ್ಟೆ ಕೆಲಸ ಮಳೆಗಾಲಕ್ಕೆ ಒಳ್ಳೆಯದು. ಬೇಸಿಗೆಯಲ್ಲಿ ತೋಟದಲ್ಲಿ ಒಣಗಿದ ಚೊಕ್ಕ ಅಡಿಕೆ ಹಾಳೆ ಬೀಳುತ್ತದಲ್ವಾ, ಅದನ್ನು ನೀರಲ್ಲಿ ನೆನೆಸಿ ಬೀಸಣಿಗೆ ಕತ್ತರಿಸಲು ಕೊಡಿ. ಮಳೆಗಾಲದ ಹಾಳೆ ಮುಟ್ಟಬೇಡಿ, ಬೂಷ್ಟು.

ಪ್ರಶ್ನೆ: ನಾನು ನಿವೃತ್ತ ಮಾಷ್ಟ್ರು, 69 ವರ್ಷ. ದಿನಾ ಒಲೆಗೆ ಹೋಗುವ ತೆಂಗಿನ ಗೆರಟೆಯಲ್ಲಿ (ಚಿಪ್ಪಿನಲ್ಲಿ) ಏನಾದರೂ ಮಾಡುವ ಆಸೆ. ಆದರೆ ಬೆಳಿಗ್ಗೆ ಬೆರಳುಗಳು ಬಿಗಿದುಕೊಂಡಿರುತ್ತವೆ. ಆಗಬಹುದಾ?
ಮಂಜೇಶ್ವರ

ಉತ್ತರ: ಆಗಬಹುದು ಮಾಷ್ಟ್ರೇ, ಗರಗಸ ಮಾತ್ರ ಬೇಡ. ನಿಮ್ಮ ಕೆಲಸ ಉಜ್ಜುವುದು. ಸಮ ಎರಡು ಹೋಳಾಗಿ ಒಡೆದ ಕಾಯಿಯ ಗೆರಟೆ ಆರಿಸಿ, ಎರಡು ಮೂರು ಬಿಸಿಲು ಒಣಗಿಸಿ. ಒಳಗೆ ಉಳಿದ ಕಾಯಿ ತಾನಾಗಿ ಬಿಡುತ್ತದೆ. ಮರಳು ಕಾಗದ 80 ನಂಬರಿನ ಒರಟಿನದ್ದು ಮೊದಲು, ಆಮೇಲೆ 120, ಕೊನೆಗೆ ನುಣ್ಣಗಿನ 220. ನೀರಿನಲ್ಲಿ ಉಜ್ಜಬಹುದಾದ ಕಾಗದವನ್ನೇ ಕೇಳಿ ತನ್ನಿ, ಗೆರಟೆ ಒದ್ದೆ ಮಾಡಿಯೇ ಉಜ್ಜಿ, ಆ ಧೂಳು ಎದೆಗೆ ಹೋಗಬಾರದು. ಬೆರಳಲ್ಲಿ ಚಿವುಟಿ ಹಿಡಿಯುವ ಬದಲು ಕಾಗದವನ್ನು ಒಂದು ಮರದ ತುಂಡಿಗೆ ಸುತ್ತಿ, ಅಂಗೈ ಪೂರ್ತಿ ಊರಿ ಉಜ್ಜಿದರೆ ಗಂಟುಗಳಿಗೆ ನೋವು ಕಡಿಮೆ. ಬೆಳಿಗ್ಗೆ ಹತ್ತು ಗಂಟೆ ಕಳೆದ ಮೇಲೆ, ಕೈಯನ್ನು ಉಗುರು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಇಟ್ಟು ಶುರು ಮಾಡಿ. ಗಂಟು ಕೆಂಪಾಗಿ ಊದಿದರೆ ಆ ದಿನ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಕೊನೆಗೆ ಎರಡು ಹನಿ ತೆಂಗಿನೆಣ್ಣೆ ಹಾಕಿ ಹಳೇ ಬನಿಯನ್ ತುಂಡಿನಲ್ಲಿ ತಿಕ್ಕಿ. ಬೂದು ಬಣ್ಣದ ಚಿಪ್ಪು ಕಣ್ಣೆದುರೇ ಕಪ್ಪು ಕಂದಾಗಿ ಹೊಳೆಯುತ್ತದೆ, ಒಳಗಿನ ಗೆರೆಗಳೆಲ್ಲ ಕಾಣುತ್ತವೆ. ಕಣ್ಣಿಲ್ಲದ ಹೋಳು ಉಪ್ಪಿನ ಬಟ್ಟಲಿಗೆ. ಕಣ್ಣಿರುವುದರಲ್ಲಿ ಹೇಗೂ ತೂತು ಆಗುತ್ತದೆ, ನೀರು ಇಳಿದು ಹೋಗಲು ಅದೇ ದಾರಿ, ಸಣ್ಣ ಗಿಡ ನೆಡಿ.

ಪ್ರಶ್ನೆ: ಮೊಮ್ಮಗ ರಜೆಗೆ ಬರುತ್ತಾನೆ. ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅವನ ಜೊತೆ ಕೂತು ಮಾಡುವಂಥದ್ದು ಏನಾದರೂ ಇದೆಯಾ?
ಅಜ್ಜಿ, ಕುಂಬಳೆ

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಹೊತ್ತು ಹಾಗೇ ಕೂತೆ. 1956ರ ನವೆಂಬರ್ 1ಕ್ಕೆ ಕಾಸರಗೋಡಿನ ನಾವು ಕೇರಳಕ್ಕೆ ಸೇರಿದೆವು, ಈಗ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಅಕ್ಷರ ಕಣ್ಣಿಗೆ ಬೀಳುವುದು ಮನೆಗೆ ಬರುವ ಮದುವೆ ಕಾಗದದಲ್ಲಿ ಮಾತ್ರ. ಅದನ್ನೇ ತೆಗೆಯಿರಿ. ಹಳೇ ಮದುವೆ ಕಾಗದದ ದಪ್ಪ ರಟ್ಟನ್ನು ಎರಡಿಂಚಿನ ಚೌಕ ಕತ್ತರಿಸಿ, ಖಾಲಿ ಬದಿಯಲ್ಲಿ ನೀವು ದಪ್ಪ ಪೆನ್ನಿನಲ್ಲಿ ಒಂದೊಂದು ಅಕ್ಷರ ಬರೆಯಿರಿ. ಒಟ್ಟು 49. ರ, ನ, ಲ ಎರಡೆರಡು ಇರಲಿ. ಅವನು ಬಣ್ಣ ಹಾಕಲಿ. ಮೊದಲು ಗುಣಿತ, ಒತ್ತಕ್ಷರ ಇಲ್ಲದ ಪದಗಳು ಸಾಕು: ಆಟ, ಊಟ, ಮರ, ದನ. ‘ಅಜ್ಜಿ’ ಬರೆಯಬೇಕು ಅಂತ ಹಟ ಮಾಡಿದರೆ ಗುಣಿತದ ‘ಜಿ’ಗೂ ಒತ್ತಕ್ಷರಕ್ಕೂ ಬೇರೆ ಸಣ್ಣ ಚೀಟಿ ಮಾಡಿಕೊಡಿ. ಎಲ್ಲವನ್ನೂ ಬಿಸ್ಕೆಟ್ ಡಬ್ಬದಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿಡಿ, ಜೂನಿನಲ್ಲಿ ಹೊರಗೆ ಬಿಟ್ಟರೆ ಓಣಂ ರಜೆಗೆ ಅವನು ಬರುವಾಗ ಬೂಷ್ಟು ಹಿಡಿದಿರುತ್ತದೆ.