ಕಾಫಿ ದುಡ್ಡು ಬಂದಿದೆ, ಮನೆ ಸಾಲಕ್ಕೆ ಕಟ್ಟಲೇ?

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಯಜಮಾನರಿಗೆ ಅಮ್ಮತ್ತಿಯಲ್ಲಿ ನಾಲ್ಕು ಎಕರೆ ರೋಬಸ್ಟಾ ತೋಟವಿದೆ. ಮೂರು ವರ್ಷದ ಹಿಂದೆ ವಿರಾಜಪೇಟೆಯಲ್ಲಿ ಮನೆ ಕಟ್ಟಲು 25 ಲಕ್ಷ ಸಾಲ ಮಾಡಿದೆವು. 20 ವರ್ಷದ ಅವಧಿ, ಬಡ್ಡಿ 8.5, ತಿಂಗಳ ಕಂತು 21,696 ರೂಪಾಯಿ ನನ್ನ ಸಂಬಳದಲ್ಲಿ ಹೋಗುತ್ತದೆ. ಈ ಸಲ ಕಾಫಿ, ಮೆಣಸು ಮಾರಿ ಕುಯ್ಲಿನ ಕೂಲಿಯೆಲ್ಲ ಕೊಟ್ಟ ಮೇಲೆ 4 ಲಕ್ಷ ಕೈಯಲ್ಲಿದೆ. ಪೂರ್ತಿ ಸಾಲಕ್ಕೆ ಕಟ್ಟಿಬಿಡೋಣ ಎಂದು ನನ್ನ ಆಸೆ. ‘ಕುಯ್ಲಿನ ದುಡ್ಡು ತೋಟದ್ದು, ಮನೆಯದ್ದಲ್ಲ’ ಎನ್ನುತ್ತಾರೆ ಅತ್ತೆ. ಮನೆ ಸಾಲ ಇದ್ದರೆ ತೆರಿಗೆ ಉಳಿಯುತ್ತದೆ, ಬೇಗ ತೀರಿಸಬೇಡ ಎನ್ನುತ್ತಾನೆ ಅಣ್ಣ. ನನ್ನ ಒಡವೆ ಮೇಲೆ 80 ಸಾವಿರ ಸಾಲವೂ ಇದೆ, ಅದಕ್ಕೆ ಬಡ್ಡಿ 11. ಏನು ಮಾಡಲಿ?
– ಓದುಗಿ, ವಿರಾಜಪೇಟೆ

ಉತ್ತರ: ನಿಮ್ಮ ಅತ್ತೆಯ ಮಾತು ಮುಕ್ಕಾಲು ಪಾಲು ಸರಿ ಅಮ್ಮ. ಆದರೆ ನಿಮ್ಮ ಆಸೆಯನ್ನೂ ಬಿಡಬೇಡಿ. ಅದು ಏಕೆ ಮುಖ್ಯ ಎನ್ನುವುದನ್ನು ಮೊದಲು ಲೆಕ್ಕದಲ್ಲೇ ನೋಡೋಣ.

ಮೂರು ವರ್ಷದಲ್ಲಿ ನೀವು 36 ಕಂತು, ಅಂದರೆ 7.81 ಲಕ್ಷ ಕಟ್ಟಿದ್ದೀರಿ. ಅದರಲ್ಲಿ 6.18 ಲಕ್ಷ ಬಡ್ಡಿಗೆ ಹೋಗಿದೆ. ಅಸಲು ಇಳಿದದ್ದು 1.63 ಲಕ್ಷ ಮಾತ್ರ, ಇನ್ನೂ 23.37 ಲಕ್ಷ ಬಾಕಿ. ಇದರಲ್ಲಿ ಬ್ಯಾಂಕಿನ ಮೋಸವೇನಿಲ್ಲ. ಬಾಕಿ ದೊಡ್ಡದಿರುವಾಗ ಬಡ್ಡಿಯೂ ದೊಡ್ಡದು. ನಿಮ್ಮ ಮೊದಲ ಕಂತಿನಲ್ಲೇ 17,708 ಬಡ್ಡಿ, ಅಸಲಿಗೆ ಸೇರಿದ್ದು 3,988. ಹಾಗಾಗಿ ಮೊದಲ ವರ್ಷಗಳಲ್ಲಿ ಹೆಚ್ಚುವರಿಯಾಗಿ ಕಟ್ಟಿದ ದುಡ್ಡಿಗೆ ಇರುವ ಬಲ ಹನ್ನೆರಡನೇ ವರ್ಷದಲ್ಲಿ ಕಟ್ಟಿದ್ದಕ್ಕೆ ಇರುವುದಿಲ್ಲ.

ಈಗ ಒಂದೇ ಒಂದು ಲಕ್ಷ ಕಟ್ಟಿ, ಕಂತು ಹಾಗೇ ಇರಲಿ ಎಂದರೆ ಉಳಿದ 204 ಕಂತು 186ಕ್ಕೆ ಇಳಿಯುತ್ತದೆ. ಒಂದೂವರೆ ವರ್ಷ ಕಡಿಮೆ, ಸುಮಾರು 3 ಲಕ್ಷ ಬಡ್ಡಿ ಉಳಿತಾಯ. ಅದೇ ಒಂದು ಲಕ್ಷ ಕಟ್ಟಿ ‘ಅವಧಿ ಹಾಗೇ ಇರಲಿ, ಕಂತು ಇಳಿಸಿ’ ಎಂದರೆ ತಿಂಗಳಿಗೆ 928 ರೂಪಾಯಿ ಕಮ್ಮಿಯಾಗುತ್ತದೆ, ಕೊನೆಯವರೆಗೆ ಉಳಿಯುವ ಬಡ್ಡಿ 90 ಸಾವಿರದ ಒಳಗೆ. ಆ 928 ಕೈಗೆ ಬಂದದ್ದೂ ಗೊತ್ತಾಗದೆ ಖರ್ಚಾಗುತ್ತದೆ. ನಿಮ್ಮ ಸಂಬಳಕ್ಕೆ ಈಗಿನ ಕಂತು ಭಾರವಲ್ಲದಿದ್ದರೆ ಅವಧಿಯನ್ನೇ ಇಳಿಸಿ.

ಇನ್ನು ಇದನ್ನು ಒಂದು ಸಲಕ್ಕೆ ನಿಲ್ಲಿಸದೆ ಪ್ರತಿ ವರ್ಷ ಕಾಫಿ ಮಾರಿದ ಮೇಲೆ ಒಂದು ಲಕ್ಷ ಕಟ್ಟುತ್ತಾ ಹೋದರೆ? ಬಡ್ಡಿ ದರ ಇಷ್ಟೇ ಇದ್ದರೆ ಉಳಿದ 17 ವರ್ಷದ ಸಾಲ 9 ವರ್ಷಕ್ಕೆ ಮುಗಿಯುತ್ತದೆ. ಈಗಿನದೂ ಸೇರಿ ಹತ್ತು ಸಲ ಒಂದೊಂದು ಲಕ್ಷ ಕಟ್ಟಿರುತ್ತೀರಿ, ಬಡ್ಡಿಯಲ್ಲಿ ಉಳಿಯುವುದು ಸುಮಾರು 10.8 ಲಕ್ಷ. ನಾನು ಇದನ್ನು ಎರಡು ಸಲ ಕೂಡಿ ನೋಡಿ ಬರೆಯುತ್ತಿದ್ದೇನೆ.

ಹಾಗಾದರೆ 4 ಲಕ್ಷವನ್ನೂ ಕಟ್ಟಬಾರದೇಕೆ? ಇದಕ್ಕೆ ನನ್ನದೇ ಅನುಭವ ಹೇಳುತ್ತೇನೆ. ನಮ್ಮದು ಮಾದಾಪುರ ಕಡೆಯ ತೋಟ. 2018ರ ಮಾರ್ಚ್‌ನಲ್ಲಿ ಇದ್ದಬದ್ದ 3 ಲಕ್ಷವನ್ನೂ ಮನೆ ಸಾಲಕ್ಕೆ ಕಟ್ಟಿ ಹಗುರಾದೆ ಎಂದುಕೊಂಡು ಬಂದೆ. ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳನ್ನೇ ಕುಸಿಸಿದ ಆ ಮಳೆ. ಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಕುಸಿದು ಅಡುಗೆಮನೆಯ ಕಿಟಕಿಯ ಮಟ್ಟಕ್ಕೆ ಕೆಸರು ನಿಂತಿತು. ಉಳಿದ ತೋಟದಲ್ಲಿ ಕೊಳೆರೋಗ ಬಂದು ಗಿಡದ ಬುಡದಲ್ಲೆಲ್ಲ ಕಪ್ಪು ಕಾಯಿ. ಮಣ್ಣು ತೆಗೆಸಲು, ತಡೆಗೋಡೆ ಕಟ್ಟಿಸಲು ದುಡ್ಡು ಬೇಕಾಯಿತು. ಸಾಲಕ್ಕೆ ಕಟ್ಟಿದ್ದನ್ನು ವಾಪಸ್ ಕೇಳುವಂತಿಲ್ಲ. ಹೆಂಡತಿಯ ಪತ್ತಾಕನ್ನೂ (ಕೊಡವರ ಕೊರಳ ಒಡವೆ) ಬಳೆಗಳನ್ನೂ ಅಡವಿಟ್ಟೆ, ಮನೆ ಸಾಲಕ್ಕಿಂತ ಹೆಚ್ಚಿನ ಬಡ್ಡಿಗೆ. ಮರುವರ್ಷದ ಕುಯ್ಲಿನಲ್ಲಿ ಅರ್ಧ ಫಸಲೂ ಇರಲಿಲ್ಲ. ಆ ಪತ್ತಾಕ್ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಇದನ್ನು ಯಾರಿಗೂ ಬರಬಾರದೆಂದು ಹೇಳುತ್ತಿದ್ದೇನೆ.

ತೋಟದವರಿಗೆ ದುಡ್ಡು ಬರುವುದು ವರ್ಷಕ್ಕೊಂದು ಸಲ, ಹೋಗುವುದು ಹನ್ನೆರಡು ತಿಂಗಳೂ. ಈಗ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್, ಡೀಸೆಲ್. ಆಮೇಲೆ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು), ಕಪಾತು (ಕಾಫಿ ಗಿಡ ಸವರುವುದು), ಗೊಬ್ಬರ, ಕಳೆ, ಮಳೆಗೆ ಮುಂಚೆ ಕೊಳೆರೋಗ ತಡೆಯಲು ಬೋರ್ಡೋ ಸಿಂಪಡಣೆ. ಡಿಸೆಂಬರ್‌ನಲ್ಲಿ ಕುಯ್ಲಿಗೆ ಆಳುಗಳಿಗೆ ಮುಂಗಡ. ಯಜಮಾನರನ್ನು ಕೂರಿಸಿಕೊಂಡು ಹೋದ ವರ್ಷದ ಚೀಟಿಗಳನ್ನೆಲ್ಲ ತೆಗೆದು ಮುಂದಿನ ಕುಯ್ಲಿನವರೆಗೆ ಎಷ್ಟು ಬೇಕು ಎಂದು ಬರೆಯಿರಿ. ಅದರ ಮೇಲೆ ಮೂರು ನಾಲ್ಕು ತಿಂಗಳ ಕಂತಿನಷ್ಟು ದುಡ್ಡು ಬೇರೆ ಇಡಿ. ಸಹಕಾರ ಸಂಘದ ಸೊನ್ನೆ ಬಡ್ಡಿಯ ಬೆಳೆ ಸಾಲವಿದ್ದರೆ ವಾಯಿದೆ ತಾರೀಕಿಗೆ ಅದನ್ನು ಕಟ್ಟಲೇಬೇಕು. ತಪ್ಪಿದರೆ ಸೊನ್ನೆ ಬಡ್ಡಿಯ ಸೌಲಭ್ಯವೇ ಹೋಗುತ್ತದೆ. ಅದು ಅಗ್ಗದ ಸಾಲ, ಅದನ್ನು ವಾಯಿದೆಗೆ ಮೊದಲೇ ತೀರಿಸುವ ಅವಸರ ಬೇಡ.

ಒಡವೆ ಸಾಲ ಮಾತ್ರ ಈ ವಾರವೇ ಬಿಡಿಸಿಕೊಳ್ಳಿ. 8.5ರ ಸಾಲ ಇಳಿಸಲು ಹೋಗಿ 11ರದ್ದನ್ನು ಬೆಳೆಯಲು ಬಿಡುವುದರಲ್ಲಿ ಅರ್ಥವಿಲ್ಲ. ಮೇಲಾಗಿ ಒಡವೆ ಮನೆಯಲ್ಲಿದ್ದರೆ ಕಷ್ಟಕ್ಕೆ ಆಗುತ್ತದೆ. ಅದಾದ ಮೇಲೆ ಒಂದು ಲಕ್ಷ ಮನೆ ಸಾಲಕ್ಕೆ. ಉಳಿದ ಎರಡು ಲಕ್ಷ ಚಿಲ್ಲರೆ ಅತ್ತೆ ಹೇಳಿದ ಹಾಗೆ ತೋಟದ್ದು. ಮುಂದಿನ ಜನವರಿಯಲ್ಲಿ ಅದರಲ್ಲಿ ಏನಾದರೂ ಮಿಕ್ಕಿದರೆ ಅದನ್ನೂ ಸಾಲಕ್ಕೆ ಹಾಕಿ.

ಕಟ್ಟುವಾಗ ಸುಮ್ಮನೆ ಚಲನ್ ತುಂಬಿ ಬರಬೇಡಿ. ನಾನು ಹಿಂದೊಮ್ಮೆ ಕಟ್ಟಿದ ಒಂದೂವರೆ ಲಕ್ಷವನ್ನು ಶಾಖೆಯವರು ‘ಮುಂಗಡ ಕಂತು’ ಎಂದು ಜಮೆ ಮಾಡಿಕೊಂಡಿದ್ದರು. ವರ್ಷ ಕಳೆದು ಸ್ಟೇಟ್‌ಮೆಂಟ್ ತೆಗೆಸಿ ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ನೋಡಿದಾಗಲೇ ಗೊತ್ತಾಯಿತು, ಅಸಲು ಕದಲಿರಲೇ ಇಲ್ಲ. ‘ಈ ಹಣವನ್ನು ಅಸಲಿಗೆ ಜಮೆ ಮಾಡಿ, ಕಂತು ಬದಲಿಸದೆ ಅವಧಿ ಇಳಿಸಿ’ ಎಂದು ಬರೆದುಕೊಟ್ಟು, ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ವಾರ ಬಿಟ್ಟು ಹೊಸ ಕಂತು ಪಟ್ಟಿ ಕೇಳಿ ಪಡೆಯಿರಿ. ನಿಮ್ಮದು ಬದಲಾಗುವ ಬಡ್ಡಿಯ ಸಾಲವಾದರೆ ಮುಂಚಿತವಾಗಿ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮ. ನಿಗದಿತ ಬಡ್ಡಿಯದಾದರೆ ಕರಾರು ಪತ್ರ ಓದಿ.

ದರವನ್ನೂ ವಿಚಾರಿಸಿ. 2025ರ ಆರಂಭದಲ್ಲಿ 6.5 ಇದ್ದ ರೆಪೋ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಅದೇ ಡಿಸೆಂಬರ್ ಹೊತ್ತಿಗೆ 5.25ಕ್ಕೆ ಇಳಿಯಿತು. ನಿಮ್ಮದು ಇನ್ನೂ 8.5ರಲ್ಲೇ ನಿಂತಿದ್ದರೆ ಯಾಕೆಂದು ಕೇಳುವ ಹಕ್ಕು ನಿಮಗಿದೆ. ಹಾಗೇ ಓವರ್‌ಡ್ರಾಫ್ಟ್ ಮಾದರಿಯ ಮನೆ ಸಾಲಕ್ಕೆ ಬದಲಾಯಿಸಬಹುದೇ ಎಂದೂ ಕೇಳಿ. ಅದರಲ್ಲಿ ಕಾಫಿ ದುಡ್ಡನ್ನು ಖಾತೆಯಲ್ಲಿ ಇಟ್ಟಷ್ಟು ದಿನ ಅಷ್ಟಕ್ಕೆ ಬಡ್ಡಿ ಬೀಳುವುದಿಲ್ಲ, ಗೊಬ್ಬರಕ್ಕೆ ಬೇಕಾದಾಗ ವಾಪಸ್ ತೆಗೆಯಲೂಬಹುದು. ದರ ಸ್ವಲ್ಪ ಹೆಚ್ಚಿರಬಹುದು, ಆದರೂ ತೋಟದವರಿಗೆ ಇದಕ್ಕಿಂತ ಹೊಂದುವ ಸಾಲ ನಾನು ಕಂಡಿಲ್ಲ.

ಅಣ್ಣನ ತೆರಿಗೆಯ ಮಾತು: ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಹಳೆಯದರಲ್ಲಿ ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಗೆ ಉಂಟು. ಅಲ್ಲಿಯೂ ಶೇ 20ರ ತೆರಿಗೆ ಕಟ್ಟುವವರಿಗೆ ನೂರು ರೂಪಾಯಿ ಬಡ್ಡಿಯಲ್ಲಿ ಉಳಿಯುವುದು ಇಪ್ಪತ್ತು ಚಿಲ್ಲರೆ, ಉಳಿದದ್ದು ಹೋಯಿತು.

ಪ್ರಶ್ನೆ: ಮನೆ ಸಾಲ ಪೂರ್ತಿ ತೀರಿಸಿ ಎರಡು ತಿಂಗಳಾಯಿತು. ಪತ್ರಗಳು ಮುಖ್ಯ ಕಚೇರಿಯಿಂದ ಬರಬೇಕು ಎನ್ನುತ್ತಲೇ ಇದ್ದಾರೆ. ಕಾಯಬೇಕೇ?
– ಓದುಗರು, ಕುಶಾಲನಗರ

ಉತ್ತರ: ಕಾಯಬೇಡಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮನೆಯ ಮೂಲ ಪತ್ರಗಳನ್ನು ಕೊಡಬೇಕು, ತನ್ನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು 2023ರಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಮಾಡಿದೆ. ಆ ವರ್ಷದ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಈ ಆದೇಶವನ್ನೇ ಉಲ್ಲೇಖಿಸಿ ಶಾಖೆಗೆ ಪತ್ರ ಕೊಡಿ, ಸ್ವೀಕೃತಿ ಪಡೆಯಿರಿ. ಪತ್ರ ಕೈಗೆ ಬಂದ ದಿನ ಅಲ್ಲೇ ಕೂತು, ಸಾಲ ಪಡೆಯುವಾಗ ಕೊಟ್ಟ ಪಟ್ಟಿ ಹಿಡಿದು ಒಂದೊಂದಾಗಿ ತಾಳೆ ನೋಡಿ. ಅಡಮಾನವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದರೆ ಅದರ ಬಿಡುಗಡೆಯನ್ನೂ ಬ್ಯಾಂಕಿನವರಿಂದ ಅಲ್ಲೇ ಮಾಡಿಸಬೇಕು. ಅದಾದ ಮೇಲೆ ಹೊಸ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಬಿಡುಗಡೆ ಅದರಲ್ಲಿ ದಾಖಲಾಗಿದೆಯೇ ಎಂದು ನೀವೇ ಓದಿ ನೋಡಿ.