ಸುಡೊಕು ಬೋರಾಗಿದೆ, ಮುಂದೆ ಯಾವ ಪಜಲ್ ಹಿಡೀಲಿ?

ನಿಮ್ಮ ಪ್ರಶ್ನೆ ಇಷ್ಟು: ಮೂರು ವರ್ಷದಿಂದ ದಿನಾ ಸುಡೊಕು ಮಾಡ್ತಿದೀರಿ, ಆಪ್‌ನಲ್ಲಿರೋ ಎಲ್ಲಕ್ಕಿಂತ ಕಷ್ಟದ ಲೆವೆಲ್ ಕೂಡ ಈಗ ಸಪ್ಪೆ ಅನ್ಸತ್ತೆ, ಇದೇ ತರ ಚೌಕದ ಮನೆಗಳಲ್ಲಿ ಯೋಚನೆಯಿಂದ್ಲೇ ಬಿಡಿಸೋ ಬೇರೆ ಪಜಲ್ ಯಾವುದಿದೆ, ಎಲ್ಲಿಂದ ಶುರು ಮಾಡ್ಲಿ ಅಂತ. ನಾನಿರೋದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಕೆಲಸ ಮುಂಬೈನ ಫೋರ್ಟ್ ಕಡೆ, ಅಂದ್ರೆ ಹೋಗ್ತಾ ಬರ್ತಾ ದಿನಕ್ಕೆ ಎರಡೂವರೆ ಗಂಟೆ ಲೋಕಲ್ ಟ್ರೇನ್‌ನಲ್ಲೇ ಹೋಗತ್ತೆ. ಹನ್ನೊಂದು ವರ್ಷ ಆಯ್ತು, ಸೀಟು ಸಿಕ್ಕಿದ ದಿನ ಎಲ್ಲಾ ಪೆನ್ಸಿಲ್ ಹಿಡ್ಕೊಂಡೇ ಕೂತಿದೀನಿ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಇನ್ನೂ ಕಷ್ಟದ ಸುಡೊಕು ಹುಡುಕೋಕೆ ಹೋಗ್ಬೇಡಿ. ನಿಯಮ ಬದಲಾಯ್ಸಿ. ಆಪ್‌ಗಳು ಕಷ್ಟ ಅಂತ ಕೊಡೋದ್ರಲ್ಲಿ ಬಹಳಷ್ಟು ಏನು ಅಂದ್ರೆ ಪ್ರತಿ ಮನೆಯಲ್ಲೂ ಸಣ್ಣ ಸಣ್ಣ ಅಂಕಿ ತುಂಬ್ಕೊಂಡು ಒಂದೊಂದೇ ಹೊಡೆದು ಹಾಕ್ತಾ ಹೋಗೋದು, ಅದು ಅಕ್ಕಿ ಆರಿಸಿದ ಹಾಗೆ, ಕಣ್ಣಿಗೆ ಕೆಲಸ, ತಲೆಗಲ್ಲ. ಐದು ಸುಡೊಕು ಒಂದಕ್ಕೊಂದು ಅಂಟಿಸಿರೋ ಸಮುರಾಯ್ ಕೂಡ ನನಗೆ ಅದೇ ಲೆಕ್ಕ, ದೊಡ್ಡದಾಯ್ತು ಅಷ್ಟೇ, ಹೊಸ ಯೋಚನೆ ಏನೂ ಬರ್ಲಿಲ್ಲ. 16×16 ಸುಡೊಕು ಬಗ್ಗೆಯೂ ನನ್ನ ಅಭಿಪ್ರಾಯ ಅದೇ. ಇದನ್ನ ಇಷ್ಟಪಡೋರು ತುಂಬಾ ಜನ ಇದ್ದಾರೆ, ಆದ್ರೆ ನಿಮ್ಮ ಬೇಜಾರಿಗೆ ಅದು ಮದ್ದಲ್ಲ ಅಂತ ನನಗೆ ಖಂಡಿತ ಅನ್ಸತ್ತೆ.

ಸುಡೊಕು ಹುಟ್ಟಿದ್ದೇ ಹೀಗೆ ಅಲ್ವಾ. ಅಡ್ಡಸಾಲು, ಉದ್ದಸಾಲು ಎರಡರಲ್ಲೂ ಒಂದು ಅಂಕಿ ಎರಡು ಸಲ ಬರಬಾರದು ಅನ್ನೋ ಲ್ಯಾಟಿನ್ ಚೌಕ ಮುಂಚೆಯಿಂದ್ಲೂ ಇತ್ತು, ಹದಿನೆಂಟನೇ ಶತಮಾನದ ಗಣಿತಜ್ಞ ಆಯ್ಲರ್ ಕಾಲದಲ್ಲೇ ಇತ್ತು. ಅದರ ಮೇಲೆ 3×3 ಬಾಕ್ಸ್ ಒಳಗೂ ಅಂಕಿ ಎರಡು ಸಲ ಬರಬಾರದು ಅನ್ನೋ ಇನ್ನೊಂದೇ ಒಂದು ನಿಯಮ ಕೂರಿಸಿದ್ದು ಅಮೆರಿಕದ ಹೋವರ್ಡ್ ಗಾರ್ನ್ಸ್ ಅನ್ನೋ ಆರ್ಕಿಟೆಕ್ಟ್, 1979ರಲ್ಲಿ ಡೆಲ್ ಪತ್ರಿಕೆಯಲ್ಲಿ ನಂಬರ್ ಪ್ಲೇಸ್ ಅನ್ನೋ ಹೆಸರಲ್ಲಿ ಬಂತು. 1984ರಲ್ಲಿ ಜಪಾನಿನ ನಿಕೋಲಿ ಅನ್ನೋ ಪಜಲ್ ಪ್ರಕಾಶಕರು ತಗೊಂಡ್ರು, ಸುಡೊಕು ಅನ್ನೋ ಹೆಸರು ಅಲ್ಲಿಂದ ಬಂದಿದ್ದು. ಒಂದೇ ಒಂದು ನಿಯಮ ಸೇರಿಸಿದ್ದಕ್ಕೆ ಇಷ್ಟೆಲ್ಲಾ ಆಯ್ತು. ಹಾಗಾಗಿ ಹೊಸ ಪಜಲ್ ನೋಡ್ವಾಗ ನಾನು ಕೇಳೋ ಪ್ರಶ್ನೆ ಒಂದೇ, ಈ ಹೊಸ ನಿಯಮ ನನ್ನ ಕೈಲಿ ಹೊಸ ತರ ಯೋಚನೆ ಮಾಡ್ಸತ್ತಾ ಇಲ್ವಾ.

ನಿಮಗೆ ಮೊದಲು ಕಿಲ್ಲರ್ ಸುಡೊಕು ಹೇಳ್ತೀನಿ, ಯಾಕಂದ್ರೆ ಗ್ರಿಡ್ ನಿಮಗೆ ಗೊತ್ತಿರೋದೇ. ಇದರಲ್ಲಿ ಮೊದಲೇ ಕೊಟ್ಟ ಅಂಕಿ ಸಾಮಾನ್ಯವಾಗಿ ಒಂದೂ ಇರಲ್ಲ. ಬದಲಿಗೆ ಮನೆಗಳನ್ನ ಚುಕ್ಕಿ ಗೆರೆಯಿಂದ ಗುಂಪು ಮಾಡಿರ್ತಾರೆ, ಅದಕ್ಕೆ ಕೇಜ್ ಅಂತಾರೆ, ಮೂಲೆಯಲ್ಲಿ ಆ ಗುಂಪಿನ ಮೊತ್ತ ಬರೆದಿರತ್ತೆ, ಒಂದು ಕೇಜಿನೊಳಗೆ ಅಂಕಿ ರಿಪೀಟ್ ಆಗೋ ಹಾಗಿಲ್ಲ. ಕೀಲಿಕೈ 45. 1ರಿಂದ 9ರವರೆಗೆ ಕೂಡಿಸಿದ್ರೆ 45, ಅಂದ್ರೆ ಯಾವ ಸಾಲು ತಗೊಂಡ್ರೂ ಯಾವ ಬಾಕ್ಸ್ ತಗೊಂಡ್ರೂ ಮೊತ್ತ 45.

ಒಂದು ಉದಾಹರಣೆ ಕೊಡ್ತೀನಿ, ಕಾಗದ ತಗೊಂಡು ಗೀಚಿ ನೋಡಿ. ಎಡಗಡೆ ಮೇಲಿನ ಬಾಕ್ಸ್ ಮೇಲೆ ನಾಲ್ಕು ಕೇಜ್ ಕೂತಿದೆ ಅಂದ್ಕೊಳ್ಳಿ. ಮೂರು ಮನೆದು ಒಂದು, ಮೊತ್ತ 10. ಎರಡು ಮನೆದು ಎರಡು, ಒಂದರದ್ದು 14, ಇನ್ನೊಂದರದ್ದು 16. ಕೊನೇದು ಮೂರು ಮನೆದು, ಮೊತ್ತ 12, ಆದ್ರೆ ಅದರ ಒಂದು ಮನೆ ಪಕ್ಕದ ಬಾಕ್ಸ್‌ಗೆ ಚಾಚ್ಕೊಂಡಿದೆ. ಎಲ್ಲಾ ಕೂಡ್ಸಿ, 52. ಬಾಕ್ಸ್ ಮಾತ್ರ 45. ಹಾಗಿದ್ರೆ ಹೊರಗೆ ಚಾಚಿರೋ ಮನೆ 7, ಇನ್ನೇನೂ ಆಗೋಕೆ ಸಾಧ್ಯ ಇಲ್ಲ! ಈಗ ಎರಡು ಮನೆಯಲ್ಲಿ 16 ಅಂದ್ರೆ 7 ಮತ್ತು 9 ಮಾತ್ರ. 14 ಅಂದ್ರೆ 5 ಮತ್ತು 9 ಇಲ್ಲಾ 6 ಮತ್ತು 8, ಆದ್ರೆ 9 ಆಗಲೇ ಹೋಯ್ತು, ಹಾಗಾಗಿ 6 ಮತ್ತು 8. ಬಾಕ್ಸ್‌ನಲ್ಲಿ ಉಳಿದಿದ್ದು 1ರಿಂದ 5. ಹನ್ನೆರಡರ ಕೇಜಲ್ಲಿ ಹೊರಗಿನ 7 ಕಳೆದ್ರೆ ಒಳಗೆ ಎರಡು ಮನೆಗೆ 5, ಅದು 1 ಮತ್ತು 4 ಇಲ್ಲಾ 2 ಮತ್ತು 3. ಯಾವುದೇ ಆದ್ರೂ ಅಂಕಿ 5 ಹತ್ತರ ಕೇಜಿಗೇ ಹೋಗ್ಬೇಕು. ಇನ್ನೂ ಒಂದು ಇದೆ, ಹೊರಗಿನ ಆ 7 ಇರೋ ಸಾಲಲ್ಲೇ ಹದಿನಾರರ ಕೇಜಿನ ಒಂದು ಮನೆ ಬಿದ್ದಿದ್ರೆ ಅಲ್ಲಿ 7 ಬರೋಕಾಗಲ್ಲ, 9 ಬರ್ದು ಮುಂದೆ ಹೋಗ್ಬಹುದು. ಮೊದಲೇ ಕೊಟ್ಟ ಅಂಕಿ ಒಂದೂ ಇಲ್ದೆ, ನಾಲ್ಕು ಮೊತ್ತದಿಂದ ಇಷ್ಟು! ಮೊದಲನೇ ಸಲ ಇದು ಹೊಳೆದಾಗ ಟ್ರೇನ್ ದಾದರ್ ದಾಟಿದ್ದು ನನಗೆ ಗೊತ್ತಾಗಿರ್ಲಿಲ್ಲ.

ಇದನ್ನ ಹಿಡಿದ ಮೇಲೆ ಕಕುರೊ ಸುಲಭವಾಗಿ ಬರತ್ತೆ, ಅದು ಪದಬಂಧದ ಮನೆಗಳಲ್ಲಿ ಅಕ್ಷರದ ಬದಲು ಅಂಕಿ, ಸುಳಿವಿನ ಬದಲು ಮೊತ್ತ. ಎರಡು ಮನೆಗೆ 3 ಅಂದ್ರೆ 1 ಮತ್ತು 2, 17 ಅಂದ್ರೆ 8 ಮತ್ತು 9, ಮೂರು ಮನೆಗೆ 24 ಅಂದ್ರೆ 7, 8, 9, ಇಂಥ ಹತ್ತಿಪ್ಪತ್ತು ಜೋಡಿ ಮಗ್ಗಿ ತರ ಬಾಯಿಗೆ ಬಂದ್ಬಿಟ್ರೆ ಕೈ ತಾನಾಗೇ ಓಡತ್ತೆ. ಮನೇಲಿ ಮಕ್ಕಳಿದ್ರೆ ಕೆನ್‌ಕೆನ್ ಕೊಡಿ, ಅದು ಲ್ಯಾಟಿನ್ ಚೌಕದ ಮೇಲೆ ಕೇಜ್ ಕೂರಿಸಿದ್ದು, ತೆತ್ಸುಯಾ ಮಿಯಾಮೊಟೊ ಅನ್ನೋ ಜಪಾನಿನ ಗಣಿತದ ಮೇಷ್ಟ್ರು ತಮ್ಮ ಮಕ್ಕಳಿಗೋಸ್ಕರ, ಅಂದ್ರೆ ಕ್ಲಾಸಿನ ಮಕ್ಕಳಿಗೆ, 2004ರಲ್ಲಿ ಮಾಡಿದ್ದು, ಕೂಡೋದು ಕಳೆಯೋದು ಗುಣಿಸೋದು ಭಾಗಿಸೋದು ಎಲ್ಲಾ ಬರತ್ತೆ. ನನ್ನ ಮಗಳು ಆರನೇ ಕ್ಲಾಸು, ಗುಣಾಕಾರ ಅಂದ್ರೆ ಓಡ್ತಿದ್ದೋಳು ಈಗ 6×6 ಗ್ರಿಡ್ ತಾನೇ ಕೇಳಿ ತಗೊಂಡು ಕೂರ್ತಾಳೆ.

ಈಗ ಅಂಕಿ ಬಿಟ್ಟು ಆಚೆ ಬನ್ನಿ, ನನ್ನ ಪ್ರೀತಿ ಇರೋದು ಅಲ್ಲೇ. ಸ್ಲಿದರ್‌ಲಿಂಕ್ ಅಂತ ಒಂದಿದೆ, ನಿಕೋಲಿಯವರದ್ದೇ, 1989ರಿಂದ ಬರ್ತಿದೆ. ಬರೀ ಚುಕ್ಕಿಗಳು, ಅಂಗಳದಲ್ಲಿ ರಂಗೋಲಿಗೆ ಇಡ್ತೀವಲ್ಲ ಹಾಗೇ ಸಾಲು ಸಾಲು ಚುಕ್ಕಿ, ನಾಲ್ಕು ಚುಕ್ಕಿ ನಡುವಿನ ಕೆಲವು ಮನೆಯಲ್ಲಿ 0, 1, 2, 3 ಅಂತ ಬರೆದಿರತ್ತೆ. ಆ ಅಂಕಿ ಅಂದ್ರೆ ಆ ಮನೆಯ ನಾಲ್ಕು ಬದಿಯಲ್ಲಿ ಎಷ್ಟು ಬದಿಗೆ ಗೆರೆ ಇದೆ ಅಂತ. ಚುಕ್ಕಿ ಸೇರಿಸ್ತಾ ಹೋಗ್ಬೇಕು, ಕೊನೆಗೆ ಎಲ್ಲಾ ಗೆರೆ ಸೇರಿ ಒಂದೇ ಒಂದು ಮುಚ್ಚಿದ ಸುತ್ತು ಆಗ್ಬೇಕು, ಎಲ್ಲೂ ಕವಲು ಒಡೀಬಾರ್ದು, ತನ್ನನ್ನೇ ದಾಟಬಾರ್ದು. ಅಷ್ಟೇ ನಿಯಮ. ನಮ್ಮ ಅತ್ತೆಗೆ ಇಂಗ್ಲಿಷ್ ಓದೋಕೆ ಬರಲ್ಲ, ಸುಡೊಕು ಅಂದ್ರೆ ಇಷ್ಟವೂ ಇಲ್ಲ, ಆದ್ರೆ ಇದನ್ನ ಒಂದೇ ಸಲ ತೋರ್ಸಿದ್ದಕ್ಕೆ ಹಿಡ್ಕೊಂಡ್ಬಿಟ್ರು, ರಂಗೋಲಿ ಹಾಕಿ ಹಾಕಿ ಎಳೆ ಎಲ್ಲಿ ಹೋಗಿ ಎಲ್ಲಿ ಸೇರ್ಬೇಕು ಅನ್ನೋದು ಅವರ ಬೆರಳಿಗೇ ಗೊತ್ತು.

ಶುರು ಮಾಡೋಕೆ ಮೂಲೆ ನೋಡಿ. ಗ್ರಿಡ್‌ನ ಮೂಲೆ ಮನೆಯಲ್ಲಿ 3 ಇದ್ರೆ ಹೊರಗಿನ ಎರಡೂ ಬದಿಗೆ ಕಣ್ಮುಚ್ಚಿ ಗೆರೆ ಎಳೀಬಹುದು. ಯಾಕೆ ಅಂದ್ರೆ, ಮೂಲೆ ಚುಕ್ಕಿಗೆ ಇರೋದೇ ಎರಡು ದಾರಿ, ಒಂದರಲ್ಲಿ ಗೆರೆ ಬಂದ್ರೆ ಇನ್ನೊಂದರಲ್ಲಿ ಹೊರಗೆ ಹೋಗ್ಲೇಬೇಕು, ಅಂದ್ರೆ ಎರಡೂ ಇದೆ ಇಲ್ಲಾ ಎರಡೂ ಇಲ್ಲ. ಎರಡೂ ಇಲ್ಲ ಅಂದ್ರೆ ಆ ಮನೆಗೆ ಉಳಿಯೋದು ಎರಡೇ ಬದಿ, 3 ಆಗೋದೆಲ್ಲಿಂದ? ಇದೇ ಮಾತು ತಿರುಗಿಸಿ, ಮೂಲೆಯಲ್ಲಿ 1 ಇದ್ರೆ ಹೊರಗಿನ ಎರಡೂ ಬದಿಗೆ ಗೆರೆ ಇಲ್ಲ, ಕಾಟು ಹಾಕಿ. ಎರಡು 3 ಅಕ್ಕಪಕ್ಕ ಬಂದ್ರೆ ನಡುವಿನ ಗೋಡೆ ಮತ್ತೆ ಆಚೆ ಈಚೆ ಗೋಡೆ, ಮೂರಕ್ಕೂ ಗೆರೆ ಬರತ್ತೆ, ಇದಕ್ಕೆ ಕಾರಣ ನಾನು ಹೇಳಲ್ಲ, ನೀವೇ ಹುಡುಕಿದ್ರೆ ಅದರ ರುಚಿನೇ ಬೇರೆ. ಗೆರೆ ಇಲ್ಲದ ಕಡೆ ಸಣ್ಣ ಕಾಟು ಹಾಕೋದು ಮರೀಬೇಡಿ, ಗೆರೆಗಿಂತ ಕಾಟೇ ಹೆಚ್ಚು ಕೆಲಸ ಮಾಡತ್ತೆ.

ನುರಿಕಾಬೆ, ನೋನೋಗ್ರಾಮ್ ಇವು ಗೆರೆ ಬದಲು ಮನೆ ಕಪ್ಪು ಮಾಡ್ತಾ ಹೋಗೋ ಪಜಲ್‌ಗಳು. ನೋನೋಗ್ರಾಮ್‌ನಲ್ಲಿ ಕೊನೆಗೆ ಚಿತ್ರ ಬರತ್ತೆ, ಚೆನ್ನಾಗಿರತ್ತೆ, ಆದ್ರೆ ಅರ್ಧ ಆದ್ಮೇಲೆ ಚಿತ್ರ ಯಾವುದು ಅಂತ ಗೊತ್ತಾಗಿ ಊಹೆ ಶುರುವಾಗತ್ತೆ, ಅದು ನನಗೆ ಸೇರಲ್ಲ. ನುರಿಕಾಬೆ ಹಾಗಲ್ಲ, ಅದು ಗಟ್ಟಿ.

ಸುಡೊಕುಗೇ ಮತ್ತೆ ಬಂದ್ರೆ, ಥರ್ಮೋ ಅಂತ ಇದೆ, ಗ್ರಿಡ್ ಮೇಲೆ ಥರ್ಮಾಮೀಟರ್ ಚಿತ್ರ, ಬುರುಡೆಯಿಂದ ತುದಿಗೆ ಅಂಕಿ ಏರ್ತಾ ಹೋಗ್ಬೇಕು. ಸ್ಯಾಂಡ್‌ವಿಚ್ ಅಂತ ಇದೆ, ಸಾಲಿನ ಹೊರಗೆ ಬರೆದಿರೋದು 1 ಮತ್ತು 9ರ ನಡುವಿನ ಅಂಕಿಗಳ ಮೊತ್ತ, 35 ಅಂತ ಇದ್ರೆ 1 ಮತ್ತು 9 ಎರಡೂ ಸಾಲಿನ ಎರಡು ತುದಿಯಲ್ಲಿ, 0 ಅಂದ್ರೆ ಎರಡೂ ಅಂಟ್ಕೊಂಡಿವೆ. ಚೆಸ್ ಕುದುರೆ ಜಿಗಿಯೋ ದೂರದಲ್ಲಿ ಅದೇ ಅಂಕಿ ಬರಬಾರದು ಅನ್ನೋದೂ ಇದೆ. 2020ರಲ್ಲಿ ಮಿಚೆಲ್ ಲೀ ಅನ್ನೋರು ಮಾಡಿದ ಮಿರಾಕಲ್ ಸುಡೊಕು ನೀವು ನೋಡ್ಲೇಬೇಕು, ಕುದುರೆ ನಿಯಮ, ರಾಜನ ನಿಯಮ (ಚೆಸ್ ರಾಜ ಒಂದು ಹೆಜ್ಜೆ ಇಡೋ ಮನೆಯಲ್ಲೂ ಅದೇ ಅಂಕಿ ಬರಬಾರದು), ಜೊತೆಗೆ ಪಕ್ಕಪಕ್ಕದ ಮನೆಯಲ್ಲಿ 4 ಮತ್ತು 5 ತರ ಒಂದರ ಮುಂದಿನದು ಬರಬಾರದು, ಇಷ್ಟು ಹಾಕಿ ಇಡೀ 81 ಮನೆಗೆ ಕೊಟ್ಟಿರೋದು ಎರಡೇ ಅಂಕಿ, 1 ಮತ್ತು 2. ಮಾಮೂಲಿ ಸುಡೊಕುಗೆ ಒಂದೇ ಉತ್ತರ ಬರ್ಬೇಕಾದ್ರೆ ಕಡಿಮೆ ಅಂದ್ರೂ 17 ಅಂಕಿ ಬೇಕು. ಕ್ರ್ಯಾಕಿಂಗ್ ದ ಕ್ರಿಪ್ಟಿಕ್ ಅನ್ನೋ ಯೂಟ್ಯೂಬ್ ಚಾನೆಲ್‌ನಲ್ಲಿ ಸೈಮನ್ ಆಂಥನಿ ಅದನ್ನ ಬಿಡಿಸೋ ವಿಡಿಯೋ ಇದೆ, ಮೊದಲು ನೀವೇ ಕೈ ಹಾಕಿ ಆಮೇಲೆ ನೋಡಿ.

ಈ ರೂಪಗಳಲ್ಲಿ ಸ್ವಲ್ಪ ಒಳಗೆ ಹೋದ್ರೆ ಫಿಸ್ಟೋಮೆಫೆಲ್ ಉಂಗುರ ಅನ್ನೋದು ಎದುರಾಗತ್ತೆ. ಇದನ್ನ ನನಗೆ ತೋರ್ಸಿದ್ದು ನಮ್ಮ ಮಾವ, ಒಂದು ಭಾನುವಾರ ಪೇಪರಲ್ಲಿ ಬಂದ ಮಾಮೂಲಿ ಸುಡೊಕು ಮುಗಿಸಿ ಕೆಂಪು ಪೆನ್ಸಿಲ್ಲಲ್ಲಿ ನಡುವಿನ ಬಾಕ್ಸ್ ಸುತ್ತ ಇರೋ 16 ಮನೆ ಬಳಿದ್ರು, ನೀಲಿಯಲ್ಲಿ ಗ್ರಿಡ್‌ನ ನಾಲ್ಕು ಮೂಲೆಯ 2×2 ಮನೆ ಬಳಿದ್ರು, ಅದೂ 16. ಎರಡರಲ್ಲೂ ಅದೇ ಅಂಕಿಗಳು, ಅಷ್ಟಷ್ಟೇ ಸಲ! ಯಾವ ಸುಡೊಕು ತಗೊಂಡ್ರೂ ಹೀಗೇ ಆಗತ್ತೆ. ಕಾರಣ ಇಷ್ಟೇ: 3ನೇ ಮತ್ತು 7ನೇ ಅಡ್ಡಸಾಲು, ಜೊತೆಗೆ ನಡುವಿನ ಪಟ್ಟಿಯ ಎಡ ಬಾಕ್ಸ್, ಬಲ ಬಾಕ್ಸ್, ಈ ನಾಲ್ಕರಲ್ಲಿ 1ರಿಂದ 9 ನಾಲ್ಕು ಸಲ ಇದೆ. 1, 2, 8, 9ನೇ ಉದ್ದಸಾಲು ತಗೊಳ್ಳಿ, ಅದರಲ್ಲೂ ನಾಲ್ಕು ಸಲ. ಎರಡು ಕಡೆಗೂ ಸೇರಿದ ಮನೆಗಳನ್ನ ಹೊಡೆದು ಹಾಕಿದ್ರೆ ಒಂದು ಕಡೆ ಉಂಗುರ ಉಳಿಯತ್ತೆ, ಇನ್ನೊಂದು ಕಡೆ ಮೂಲೆಗಳು. ಅವತ್ತು ನಾವಿಬ್ರೂ ಹಳೇ ಪೇಪರ್ ತೆಗೆದು ಒಂಬತ್ತು ಸುಡೊಕು ಪರೀಕ್ಷೆ ಮಾಡಿದ್ವಿ, ಮಾವಂಗೆ ಆಗ ಎಪ್ಪತ್ತೆರಡು, ಊಟಕ್ಕೆ ಕರೆದ್ರೂ ಏಳ್ಲಿಲ್ಲ.

ಒಂದು ಎಚ್ಚರಿಕೆ ಹೇಳ್ಬೇಕು. ಒಂದ್ಸಲ ಸ್ಟೇಷನ್ ಹೊರಗಿನ ಫುಟ್‌ಪಾತಲ್ಲಿ ಅಗ್ಗದ ಪುಸ್ತಕ ತಗೊಂಡೆ, ಒಂದು ಪಜಲ್‌ನಲ್ಲಿ ಕೊನೆಗೆ ನಾಲ್ಕು ಮನೆ ಉಳೀತು, ಎರಡು ಸಾಲು, ಎರಡೇ ಬಾಕ್ಸ್, ಆಯತದ ನಾಲ್ಕು ಮೂಲೆ ತರ, ಎಲ್ಲಾದರಲ್ಲೂ 3 ಇಲ್ಲಾ 8. ಥಾಣೆಯಿಂದ ಡೊಂಬಿವಲಿವರೆಗೂ ತಲೆ ಕೆಡಿಸ್ಕೊಂಡೆ. 3 ಮತ್ತು 8 ಅದಲು ಬದಲು ಮಾಡಿದ್ರೂ ಸರಿಯಾಗ್ತಿತ್ತು, ಅಂದ್ರೆ ಪಜಲ್‌ಗೆ ಎರಡು ಉತ್ತರ, ಮಾಡಿದೋರದ್ದೇ ತಪ್ಪು. ಒಂದೇ ಉತ್ತರ ಇಲ್ಲದ್ದು ಪಜಲ್ ಅಲ್ಲ, ಬಿಡಿಸೋರ ಟೈಮಿಗೆ ಅವರು ಬೆಲೆ ಕೊಟ್ಟಿಲ್ಲ ಅಂತ ನನಗೆ ನಿಜವಾಗ್ಲೂ ಸಿಟ್ಟು ಬಂತು. ಹಾಗಾಗಿ ಕೈಯಿಂದ ಮಾಡಿದ, ಪರೀಕ್ಷೆ ಮಾಡಿದ ಪಜಲ್ ಹುಡುಕಿ. ನಿಕೋಲಿಯವರದ್ದು ಕೈಯಿಂದ್ಲೇ ಮಾಡಿದ್ದು. ನಮ್ಮಲ್ಲಿ ಲಾಜಿಕ್ ಮಾಸ್ಟರ್ಸ್ ಇಂಡಿಯಾದವರು ಆನ್‌ಲೈನ್ ಸ್ಪರ್ಧೆ ನಡೆಸ್ತಾರೆ, ಹಳೇ ಸ್ಪರ್ಧೆಗಳ ಪಜಲ್ ಅಲ್ಲಿ ಸಿಗತ್ತೆ, ಬಗೆಬಗೆಯವು. ವಿಶ್ವ ಸುಡೊಕು ಚಾಂಪಿಯನ್‌ಶಿಪ್ 2006ರಲ್ಲಿ ಇಟಲಿಯ ಲುಕಾದಲ್ಲಿ ಶುರುವಾಯ್ತು, 2017ರದ್ದು ನಮ್ಮ ಬೆಂಗಳೂರಲ್ಲೇ ನಡೀತು, ಆ ಸ್ಪರ್ಧೆಗಳಲ್ಲಿ ಮಾಮೂಲಿ ಸುಡೊಕು ಜೊತೆ ಇಂಥ ರೂಪಗಳು ರಾಶಿ ಬರತ್ತೆ.

ಈ ವಾರ ಕಿಲ್ಲರ್ ಹಿಡೀರಿ, ಸುಲಭದ್ದೇ ತಗೊಳ್ಳಿ, ದಿನಕ್ಕೊಂದು. ಎರಡು ವಾರ ಆದ್ಮೇಲೆ ಸ್ಲಿದರ್‌ಲಿಂಕ್, 7×7 ಸಾಕು, ಆಪ್ ಬೇಡ, ಪ್ರಿಂಟ್ ತೆಗೆದು ಪೆನ್ಸಿಲ್ಲಲ್ಲಿ ಮಾಡಿ, ತಪ್ಪು ಗೆರೆಯನ್ನ ಆಪ್ ಕೆಂಪು ಮಾಡಿ ತೋರ್ಸಿದ್ರೆ ಆ ತಪ್ಪು ಎಲ್ಲಿ ಹುಟ್ತು ಅಂತ ಹಿಂದೆ ಹೋಗಿ ಹುಡುಕೋ ಕೆಲಸ ನಿಮ್ಮ ಕೈ ತಪ್ಪತ್ತೆ. ಸಿಕ್ಕಾಕ್ಕೊಂಡ್ರೆ ಊಹೆ ಮಾಡ್ಬೇಡಿ, ಹಾಗೇ ಮಡಚಿಟ್ಟು ಮಾರನೇ ದಿನ ತೆಗೀರಿ. ಎರಡು 3 ಅಕ್ಕಪಕ್ಕ ಬಂದಾಗ ಮೂರು ಗೆರೆ ಯಾಕೆ ಅನ್ನೋದು ಸಿಕ್ಕಿದ ಮೇಲೆ ಇಲ್ಲೇ ಕೆಳಗೆ ಬರೀರಿ, ನಿಮ್ಮ ಕಾರಣ ಓದೋಕೆ ನಾನು ಕಾಯ್ತಿರ್ತೀನಿ.